ಗಾರ್ಮೆಂಟ್ಸ್ ಬಿಡೋದು ಐದೂವರೆಗೆ, ಕ್ಲಿನಿಕ್ ಮುಚ್ಚೋದು ನಾಲ್ಕೂವರೆಗೆ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ. ಬೆಳಿಗ್ಗೆ ಎಂಟೂವರೆಗೆ ಈ ಕಡೆಯ ಯಾವ ಬಸ್ ಸ್ಟಾಪಿನಲ್ಲಿ ನಿಂತರೂ ಊಟದ ಡಬ್ಬಿ ಹಿಡಿದು ಓಡುವ ಹೆಣ್ಣುಮಕ್ಕಳು ಕಾಣುತ್ತಾರೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಜನ ದುಡಿಯುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಶಿಫ್ಟು ಸಾಮಾನ್ಯವಾಗಿ ಒಂಬತ್ತರಿಂದ ಐದೂವರೆ, ವಾರಕ್ಕೆ ಆರು ದಿನ. ಇನ್ನು ರಾಜ್ಯದ ನಗರಗಳಲ್ಲಿ 2022ರ ಕೊನೆಗೆ ಶುರುವಾದ 'ನಮ್ಮ ಕ್ಲಿನಿಕ್' ಅನ್ನುವ ಸರ್ಕಾರಿ ಚಿಕಿತ್ಸಾ ಕೇಂದ್ರಗಳ ಸಮಯ ನೋಡಿ. ಶುರುವಾದಾಗ ನಿಗದಿ ಮಾಡಿದ್ದು ಬೆಳಿಗ್ಗೆ 9ರಿಂದ ಸಂಜೆ 4.30.

ಈ ಒಂದು ಗಂಟೆಯ ಅಂತರದಲ್ಲೇ ಎಷ್ಟೋ ಹೆಂಗಸರ ಆರೋಗ್ಯ ಸಿಕ್ಕಿಹಾಕಿಕೊಂಡಿದೆ. ಕ್ಲಿನಿಕ್ ಉಚಿತ. ಮಾತ್ರೆ ಉಚಿತ. ಕಾಪರ್ ಟಿ ಉಚಿತ. ಆದರೆ ಅಲ್ಲಿಗೆ ಹೋಗಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಅಟೆಂಡೆನ್ಸ್ ಬೋನಸ್ ಇರುವ ಕಡೆ ಅದೂ ಹೋಗುತ್ತದೆ. ಜ್ವರ ಬಂದರೆ ರಜೆ ಹಾಕಬಹುದು, ಯಾರೂ ಏನೂ ಅನ್ನುವುದಿಲ್ಲ. 'ಎರಡನೇ ಮಗು ಸ್ವಲ್ಪ ತಡವಾಗಿ ಬೇಕು, ಅದಕ್ಕೆ ಏನು ಮಾಡಲಿ ಅಂತ ಕೇಳಿಕೊಂಡು ಬರುತ್ತೇನೆ' ಅಂತ ಸೂಪರ್‌ವೈಸರ್ ಹತ್ತಿರ ರಜೆ ಕೇಳೋಕಾಗುತ್ತಾ?

ನಗರಗಳಲ್ಲಿ ಸಂತಾನ ಆರೋಗ್ಯದ ಮಾತು ಬಂದಾಗ ನಾವು ಸಾಮಾನ್ಯವಾಗಿ ಆಸ್ಪತ್ರೆ ಎಷ್ಟಿವೆ, ಡಾಕ್ಟರ್ ಎಷ್ಟಿದ್ದಾರೆ ಅಂತ ಎಣಿಸುತ್ತೇವೆ. ಈ ವಿಷಯ ಓದುತ್ತಾ, ಕೇಳುತ್ತಾ ಹೋದಂತೆ ನನಗೆ ಬೇರೆ ಮೂರು ಪ್ರಶ್ನೆಗಳೇ ದೊಡ್ಡದಾಗಿ ಕಂಡಿವೆ. ಬಾಗಿಲು ಯಾವ ಹೊತ್ತಿಗೆ ತೆರೆದಿರುತ್ತದೆ? ಯಾವ ವಿಳಾಸದವರಿಗೆ ತೆರೆಯುತ್ತದೆ? ಒಳಗೆ ಹೋದವಳಿಗೆ ಆಯ್ಕೆ ಇದೆಯಾ? ಇವಕ್ಕೆ ಉತ್ತರ ದೆಹಲಿಯಲ್ಲಿ ಸಿಗುವುದಿಲ್ಲ, ವಿಧಾನಸೌಧದಲ್ಲೂ ಪೂರ್ತಿ ಸಿಗುವುದಿಲ್ಲ. ಆ ಬೀದಿಯ ಆಶಾ ಕಾರ್ಯಕರ್ತೆ, ಆ ಕೇಂದ್ರದ ಸಿಸ್ಟರ್, ಆ ಪಾಲಿಕೆಯ ಆರೋಗ್ಯಾಧಿಕಾರಿ ಸೇರಿದಾಗ ಮಾತ್ರ ಸಿಗುತ್ತದೆ. ಹಾಗಾಗಿ ಹೊರಗಿನಿಂದ ಬರುವ ಯಾವ ಸಹಾಯವೂ, ಅದು ಸರ್ಕಾರದ್ದಾಗಲಿ ವಿದೇಶಿ ದಾನಿಗಳದ್ದಾಗಲಿ, ಇವರ ಬೆನ್ನ ಹಿಂದೆ ನಿಲ್ಲಬೇಕು. ಇವರನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದು ನಿಲ್ಲಬಾರದು.

ಕರ್ನಾಟಕದ ಲೆಕ್ಕ ಚೆನ್ನಾಗೇ ಇದೆ, ಮೇಲ್ನೋಟಕ್ಕೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿದರೆ ನಮ್ಮ ರಾಜ್ಯಕ್ಕೆ ಒಳ್ಳೆಯ ಅಂಕಗಳೇ ಬಂದಿವೆ. ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳು 1.7. ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 68 ಮಂದಿಯ ಮನೆಗಳಲ್ಲಿ ಬಸಿರು ತಡೆಯುವ ಯಾವುದಾದರೂ ಒಂದು ಆಧುನಿಕ ವಿಧಾನ ಬಳಕೆಯಲ್ಲಿದೆ. ಇಡೀ ದೇಶದ ಸರಾಸರಿ 56ರ ಆಸುಪಾಸು.

ಆದರೆ ಆ 68ನ್ನು ಬಿಡಿಸಿ ನೋಡಬೇಕು. ಅದರಲ್ಲಿ 57ಕ್ಕೂ ಸ್ವಲ್ಪ ಹೆಚ್ಚು ಹೆಂಗಸರ ಸಂತಾನಹರಣ ಆಪರೇಷನ್ನೇ. ಅಂದರೆ ವಿಧಾನ ಬಳಸುವ ಆರು ಮನೆಗಳಲ್ಲಿ ಐದು ಕಡೆ ಹೆಂಡತಿಯ ಹೊಟ್ಟೆ ಕೊಯ್ದು ಆಪರೇಷನ್ ಆಗಿದೆ. ಗಂಡಸರ ಆಪರೇಷನ್ ಎಷ್ಟು? ಸಮೀಕ್ಷೆಯ ಕೋಷ್ಟಕದಲ್ಲಿ ಕರ್ನಾಟಕದ ಮುಂದೆ ಇರುವ ಅಂಕಿ 0.0. ಗುಳಿಗೆ, ಕಾಂಡೋಮ್, ವಂಕಿ (ಕಾಪರ್ ಟಿ), ಇಂಜೆಕ್ಷನ್ ಎಲ್ಲ ಸೇರಿಸಿದರೂ ನೂರಕ್ಕೆ ಹನ್ನೊಂದರ ಹತ್ತಿರ ಬರುತ್ತದೆ, ಅಷ್ಟೇ.

ಇದನ್ನು ಯಶಸ್ಸು ಅಂತ ಕರೆಯಲು ನನಗೆ ಮನಸ್ಸಾಗುವುದಿಲ್ಲ. ಆಪರೇಷನ್ ತಪ್ಪು ಅಂತ ಹೇಳುತ್ತಿಲ್ಲ. ಸಾಕು ಅಂದುಕೊಂಡವರಿಗೆ ಅದು ಒಳ್ಳೆಯ ವಿಧಾನವೇ. ಆದರೆ ನಮ್ಮಲ್ಲಿ ನಡೆಯುವುದು ಹೇಗೆ? ಇಪ್ಪತ್ತಕ್ಕೆ ಮದುವೆ, ಇಪ್ಪತ್ತೊಂದಕ್ಕೆ ಮೊದಲನೇದು, ಇಪ್ಪತ್ಮೂರಕ್ಕೆ ಎರಡನೇದು. 'ಎರಡಾಯ್ತಲ್ಲ, ಆಪರೇಷನ್ ಮಾಡಿಸಿಕೊಂಡು ಬಿಡು' ಅಂತ ಅತ್ತೆಯೂ ಹೇಳುತ್ತಾರೆ, ಅಮ್ಮನೂ ಹೇಳುತ್ತಾರೆ, ವಾರ್ಡಿನಲ್ಲಿರುವ ಸಿಸ್ಟರೂ ಹೇಳುತ್ತಾರೆ. ಮೊದಲನೇದಕ್ಕೂ ಎರಡನೇದಕ್ಕೂ ನಡುವೆ ಆ ಹುಡುಗಿಯ ಕೈಗೆ ಯಾರೂ ಏನೂ ಕೊಟ್ಟಿಲ್ಲ. ಅವಳ ಮೈ ಚೇತರಿಸಿಕೊಳ್ಳಲು ಸಮಯ ಸಿಕ್ಕಿಲ್ಲ. ಬೇಡದ ಬಸಿರು ನಿಂತರೆ ಸುಮ್ನೆ ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ತಂದು ನುಂಗಿದ್ದಾಳೆ.

ಈ ಕೊನೆಯ ಮಾತು ಉತ್ಪ್ರೇಕ್ಷೆಯಲ್ಲ. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳು ಆಗಿವೆ ಅಂತ ಸಂಶೋಧಕರು ಅಂದಾಜು ಮಾಡಿದ್ದಾರೆ. ಅವುಗಳಲ್ಲಿ ಮುಕ್ಕಾಲು ಪಾಲಿನಷ್ಟು ಆಗಿರುವುದು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ. ಮಾತ್ರೆ ಸರಿಯಾದ ವಾರದಲ್ಲಿ, ಸರಿಯಾದ ಪ್ರಮಾಣದಲ್ಲಿ ತಗೊಂಡರೆ ಸುರಕ್ಷಿತವೇ. ಆದರೆ ಕೌಂಟರಿನ ಹುಡುಗ ಹೇಳಿದ ಲೆಕ್ಕದಲ್ಲಿ ನುಂಗಿ, ರಕ್ತ ನಿಲ್ಲದೆ, ಯಾರಿಗೂ ಹೇಳಲಾಗದೆ ಮಲಗಿರುವವಳ ಕಷ್ಟ ಯಾವ ಸಮೀಕ್ಷೆಯ ಕೋಷ್ಟಕದಲ್ಲೂ ಬರುವುದಿಲ್ಲ.

ಮೈಸೂರಿನ ಹಳೆಯ ಮೊದಲು, ರಾಮನಗರದ ಮಣಿಸರ

ಇದೇ ನಾಡಿಗೆ ಈ ವಿಷಯದಲ್ಲಿ ದೊಡ್ಡ ಇತಿಹಾಸವಿದೆ ಅನ್ನುವುದನ್ನು ನಾವು ಮರೆತೇ ಬಿಟ್ಟಿದ್ದೇವೆ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಮಾಡಿತು. ಸರ್ಕಾರವೇ ಇಂಥ ಕ್ಲಿನಿಕ್ ನಡೆಸಿದ್ದು ಪ್ರಪಂಚದಲ್ಲೇ ಮೊದಲು ಅಂತ ಚರಿತ್ರೆಕಾರರು ಬರೆಯುತ್ತಾರೆ. ಭಾರತ ಸರ್ಕಾರದ ಕುಟುಂಬ ಯೋಜನೆ ಶುರುವಾಗಿದ್ದು ಅದಾಗಿ ಇಪ್ಪತ್ತೆರಡು ವರ್ಷಗಳ ನಂತರ, 1952ರಲ್ಲಿ.

ಇನ್ನೊಂದು ಕಥೆ ನಮ್ಮ ರಾಮನಗರದ್ದು. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೆಹಲಿಯ ಲೋಧಿ ಕಾಲೊನಿ ಮತ್ತು ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ತಿಂಗಳಿನ ಯಾವ ದಿನಗಳಲ್ಲಿ ಗಂಡ ಹೆಂಡತಿ ಸೇರಬಾರದು ಅಂತ ಲೆಕ್ಕ ಇಡುವುದನ್ನು ಹೆಂಗಸರಿಗೆ ಕಲಿಸುವುದು ಅದರ ಉದ್ದೇಶ. ಅಮೆರಿಕದಿಂದ ಬಂದ ತಜ್ಞ ಅಬ್ರಹಾಂ ಸ್ಟೋನ್ ಇದಕ್ಕೆ ಬಣ್ಣದ ಮಣಿಗಳ ಸರ ಮಾಡಿಸಿದರು. ಹಸಿರು ಮಣಿ ಇದ್ದರೆ ಪರವಾಗಿಲ್ಲ, ಕೆಂಪು ಮಣಿ ಇದ್ದರೆ ದೂರ ಇರಿ. ದಿನಕ್ಕೊಂದು ಮಣಿ ಸರಿಸುತ್ತಾ ಹೋಗಬೇಕು. ಯೋಜನೆ ಕೈಗೂಡಲಿಲ್ಲ. ಕೆಲವರು ಸರ ಹಾಕಿಕೊಂಡರೇ ಸಾಕು, ಬಸಿರು ನಿಲ್ಲುವುದಿಲ್ಲ ಅಂದುಕೊಂಡರಂತೆ. ಇನ್ನು ಕೆಲವರಿಗೆ ಅದನ್ನು ಹಾಕಿಕೊಂಡು ನಾಲ್ಕು ಜನರ ಮುಂದೆ ಓಡಾಡುವುದೇ ನಾಚಿಕೆ.

ಈ ಕಥೆಯನ್ನು ಹೆಂಗಸರ ಅಜ್ಞಾನದ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಮನೆಯಲ್ಲಿ ಅತ್ತೆ, ನಾದಿನಿ, ಮಕ್ಕಳು ಎಲ್ಲ ಒಂದೇ ಕೋಣೆಯಲ್ಲಿ ಮಲಗುವಾಗ, ಹತ್ತಿರ ಬಂದ ಗಂಡನಿಗೆ ಬೇಡ ಅನ್ನುವ ಧೈರ್ಯ ಹೆಂಡತಿಗೆ ಇಲ್ಲದಿರುವಾಗ, ಮಣಿ ಎಣಿಸಿ ಏನು ಪ್ರಯೋಜನ? ರಾಮನಗರದ ಸೂಲಗಿತ್ತಿ ಒಬ್ಬಳನ್ನು ಮೊದಲೇ ಕೇಳಿದ್ದರೆ ಅವಳು ಹೇಳುತ್ತಿದ್ದಳು.

ಆಮೇಲೆ ಬಂದದ್ದು ತುರ್ತು ಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು. ಅವರಲ್ಲಿ ಹೆಚ್ಚಿನವರು ಗಂಡಸರು. ಎಷ್ಟೋ ಜನರನ್ನು ಒತ್ತಾಯದಿಂದ ಎಳೆದೊಯ್ದಿದ್ದರು. ಆ ಭಯದಿಂದ ಗಂಡಸರು ಈ ಕಾರ್ಯಕ್ರಮದಿಂದ ಹೊರಗೆ ಹೋದವರು ಮತ್ತೆ ಒಳಗೆ ಬರಲೇ ಇಲ್ಲ. ಭಾರ ಪೂರ್ತಿ ಹೆಂಗಸರ ಮೇಲೆ ಬಿತ್ತು. ಗಂಡಸರ ಆಪರೇಷನ್ ಈಗ ಬ್ಲೇಡ್ ಹಾಕಿ ಕೊಯ್ಯದೆ, ಹೊಲಿಗೆ ಇಲ್ಲದೆ ಆಗುತ್ತದೆ. ಅವತ್ತೇ ಮನೆಗೆ ಹೋಗಬಹುದು. ಸರ್ಕಾರ ಕೊಡುವ ಪರಿಹಾರದ ಹಣವೂ ಗಂಡಸರಿಗೇ ಜಾಸ್ತಿ. ಆದರೂ 0.0. 'ಶಕ್ತಿ ಹೋಗಿಬಿಡುತ್ತೆ, ಭಾರ ಎತ್ತೋಕಾಗಲ್ಲ' ಅನ್ನುವ ಮಾತು ಕೂಲಿ ಮಾಡುವ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಅದು ನಿಜವಲ್ಲ ಅಂತ ಹೇಳಬೇಕಾದವರು ಆಪರೇಷನ್ ಮಾಡಿಸಿಕೊಂಡು ಆರಾಮಾಗಿರುವ ಗಂಡಸರೇ. ಅಂಥವರು ನಮ್ಮ ಬೀದಿಗಳಲ್ಲಿ ಕಾಣುವುದೇ ಇಲ್ಲವಲ್ಲ.

2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಒಂದೇ ಕ್ಯಾಂಪಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಇಂಥ ಕ್ಯಾಂಪುಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಿ, ಆರೋಗ್ಯ ಕೇಂದ್ರಗಳಲ್ಲೇ ಸೇವೆ ಕೊಡಿ ಅಂತ ಹೇಳಿತು. ಕ್ಯಾಂಪ್ ಅಂದರೆ ಎಲ್ಲಿಂದಲೋ ಬಂದು, ಗುರಿ ಮುಟ್ಟಿಸಿ, ಟೆಂಟ್ ಕಿತ್ತು ಹೋಗುವುದು. ಮರುದಿನ ನೋವು ಬಂದರೆ ಕೇಳಲು ಅಲ್ಲಿ ಯಾರೂ ಇರುವುದಿಲ್ಲ.

ಉತ್ತರ ಪ್ರದೇಶದ ನಗರಗಳು ಕಲಿತದ್ದು

ಹೊರಗಿನ ಸಹಾಯ ಹೇಗಿರಬೇಕು ಅನ್ನುವುದಕ್ಕೆ ಒಂದು ಉದಾಹರಣೆ ನಮ್ಮ ದೇಶದಲ್ಲೇ ಇದೆ. ಆಗ್ರಾ, ಅಲಿಗಢ, ಗೋರಖ್‌ಪುರದಂಥ ಉತ್ತರ ಪ್ರದೇಶದ ಊರುಗಳಲ್ಲಿ 2009ರ ಸುಮಾರಿಗೆ ಗೇಟ್ಸ್ ಫೌಂಡೇಶನ್ ಹಣದಿಂದ ನಗರ ಬಡವರಿಗಾಗಿ ಕುಟುಂಬ ಯೋಜನೆಯ ಒಂದು ದೊಡ್ಡ ಕೆಲಸ ನಡೆಯಿತು. ಕೀನ್ಯಾ, ನೈಜೀರಿಯಾ, ಸೆನೆಗಲ್‌ನ ನಗರಗಳಲ್ಲೂ ಇದೇ ಸಮಯದಲ್ಲಿ ನಡೆಯಿತು. ಅದರಿಂದ ಕಲಿತದ್ದನ್ನು ಇಟ್ಟುಕೊಂಡು 2016ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಒಂದು ಸಂಸ್ಥೆ 'ದಿ ಚಾಲೆಂಜ್ ಇನಿಶಿಯೇಟಿವ್' ಅನ್ನುವ ಕಾರ್ಯಕ್ರಮ ಶುರು ಮಾಡಿತು. ಭಾರತದಲ್ಲಿ ಪಿಎಸ್‌ಐ ಅನ್ನುವ ಸ್ವಯಂಸೇವಾ ಸಂಸ್ಥೆ ಇದನ್ನು ಉತ್ತರ ಪ್ರದೇಶ, ಮಧ್ಯಪ್ರದೇಶ, ಒಡಿಶಾದ ನಗರಗಳಿಗೆ ತಂದಿತು.

ಇದರ ನಿಯಮ ನನಗೆ ಇಷ್ಟವಾಯಿತು. ಸಂಸ್ಥೆ ತಾನಾಗಿ ಬಂದು ಯಾವ ನಗರವನ್ನೂ ಆರಿಸುವುದಿಲ್ಲ. ನಗರವೇ ಮುಂದೆ ಬಂದು ಕೇಳಬೇಕು. ಕೇಳಿದ ಮೇಲೆ ತನ್ನ ಹಣ, ತನ್ನ ಸಿಬ್ಬಂದಿ, ತನ್ನ ಕಟ್ಟಡ ಹಾಕಬೇಕು. ಸಂಸ್ಥೆ ಸ್ವಲ್ಪ ಹಣ ಸೇರಿಸುತ್ತದೆ, ಜೊತೆಗೆ ಗೊತ್ತಿರುವವರನ್ನು ಕಳಿಸುತ್ತದೆ. ಹೊಸ ಕ್ಲಿನಿಕ್ ಕಟ್ಟುವುದಿಲ್ಲ. ಬಂದವರ ಕೆಲಸ ಕಲಿಸುವುದು. ಮನೆಯಲ್ಲಿ ಹುಡುಗಿಗೆ ರೊಟ್ಟಿ ತಟ್ಟೋದು ಕಲಿಸುವ ರೀತಿಯೇ ಅದು. ಮೊದಲು ಅಮ್ಮ ತಟ್ಟಿ ತೋರಿಸುತ್ತಾಳೆ, ಆಮೇಲೆ ಮಗಳ ಕೈ ಹಿಡಿದು ತಟ್ಟಿಸುತ್ತಾಳೆ, ಕೊನೆಗೆ ಪಕ್ಕದಲ್ಲಿ ಕೂತು ನೋಡುತ್ತಾಳೆ. ಎರಡು ಮೂರು ವರ್ಷದಲ್ಲಿ ನಗರ ತಾನೇ ನಡೆಸುವ ಹಾಗಾಗಬೇಕು ಅನ್ನುವುದು ಒಪ್ಪಂದ.

ಅಲ್ಲಿ ಮಾಡಿದ ಕೆಲಸಗಳೂ ದೊಡ್ಡ ಕೆಲಸಗಳಲ್ಲ. ಮೊದಲನೆಯದು, ನಕ್ಷೆ. ಸರ್ಕಾರದ ಪಟ್ಟಿಯಲ್ಲಿ ಇಲ್ಲದ ಕೊಳೆಗೇರಿಗಳನ್ನು ಬೀದಿ ಬೀದಿ ಸುತ್ತಿ ಹುಡುಕಿ, ಪಟ್ಟಿಗೆ ಸೇರಿಸಿ, ಯಾವ ಆಶಾ ಯಾವ ಮನೆಗಳನ್ನು ನೋಡಿಕೊಳ್ಳುತ್ತಾರೆ ಅಂತ ಗುರುತು ಹಾಕಿದರು. ಎರಡನೆಯದು, ನಿಗದಿ ದಿನ. ಉತ್ತರ ಪ್ರದೇಶದಲ್ಲಿ ಇದಕ್ಕೆ 'ಅಂತರಾಲ್ ದಿವಸ್' ಅನ್ನುತ್ತಾರೆ. ಮಕ್ಕಳ ನಡುವೆ ಅಂತರ ಇಡುವ ವಿಧಾನಗಳಿಗಾಗಿಯೇ ನಗರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಗೊತ್ತಾದ ದಿನ.

ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಆಸ್ಪತ್ರೆಗೆ ಹೋಗಿ ಬರಿಗೈಲಿ ವಾಪಸ್ ಬಂದವರಿಗೆ ಗೊತ್ತು. ಸೋಮವಾರ ಹೋದರೆ ವಂಕಿ ಹಾಕಲು ತರಬೇತಿ ಪಡೆದ ಸಿಸ್ಟರ್ ರಜೆ. ಬುಧವಾರ ಹೋದರೆ ಸಿಸ್ಟರ್ ಇದ್ದಾರೆ, ಸಾಮಗ್ರಿ ಇಲ್ಲ. ಶುಕ್ರವಾರ ಎರಡೂ ಇದೆ, ಆದರೆ ಲಸಿಕೆ ದಿನ, ಸಿಸ್ಟರಿಗೆ ಪುರುಸೊತ್ತಿಲ್ಲ. ನಾಲ್ಕನೇ ಸಲ ಯಾರು ಹೋಗುತ್ತಾರೆ? ಒಂದು ದಿನ ನಿಗದಿ ಮಾಡಿ, ಅವತ್ತು ಸಿಬ್ಬಂದಿ, ಸಾಮಗ್ರಿ, ಕೋಣೆ ಮೂರೂ ಇರುತ್ತೆ ಅಂತ ಖಾತ್ರಿ ಮಾಡಿದರೆ ಆಶಾ ಧೈರ್ಯವಾಗಿ ಕರೆದುಕೊಂಡು ಬರುತ್ತಾರೆ. ಇಲ್ಲದಿದ್ದರೆ ಅವರ ಮಾತಿಗೇ ಬೆಲೆ ಹೋಗುತ್ತದೆ.

ಇಂಥ ಕಾರ್ಯಕ್ರಮಗಳ ಬಗ್ಗೆ ನನಗೊಂದು ಅಳುಕೂ ಇದೆ. ದಾನಿಗಳಿಗೆ ವರದಿ ಬೇಕು, ವರದಿಗೆ ಸಂಖ್ಯೆ ಬೇಕು. 'ಈ ತಿಂಗಳು ಎಷ್ಟು ಜನ ಹೊಸದಾಗಿ ಸೇರಿದರು' ಅನ್ನುವ ಪ್ರಶ್ನೆ ಮೇಲಿನಿಂದ ಇಳಿಯುತ್ತಾ ಬಂದು ಆಶಾ ತಲೆಯ ಮೇಲೆ ಗುರಿಯಾಗಿ ಕೂರುತ್ತದೆ. ನಮ್ಮ ಸರ್ಕಾರ 1996ರಲ್ಲಿ ಕುಟುಂಬ ಯೋಜನೆಯ ಗುರಿಗಳನ್ನು ಕಾಗದದಲ್ಲಿ ಕೈಬಿಟ್ಟಿತು. ಆದರೆ ಎಷ್ಟಾಯಿತು ಅಂತ ಮೀಟಿಂಗಿನಲ್ಲಿ ಎಣಿಸುವ ಅಭ್ಯಾಸ ಬಿಟ್ಟಿಲ್ಲ. ಎಣಿಸಲೇಬೇಕಾದರೆ ಇದನ್ನೂ ಎಣಿಸಲಿ: ಕೇಳಿಕೊಂಡು ಬಂದವರಲ್ಲಿ ಎಷ್ಟು ಜನಕ್ಕೆ ಕನಿಷ್ಠ ನಾಲ್ಕು ವಿಧಾನಗಳ ಬಗ್ಗೆ ಹೇಳಿದಿರಿ? ವಂಕಿ ತೆಗೆಸಬೇಕು ಅಂತ ಬಂದವಳಿಗೆ ಅವತ್ತೇ ತೆಗೆದು ಕೊಟ್ಟಿರಾ?

ತವರು, ತಾಯಿ ಕಾರ್ಡ್, ವಿಳಾಸ

ಈಗ ಬೆಂಗಳೂರಿಗೆ ಬರೋಣ. ಇಲ್ಲಿ ಸಮಸ್ಯೆಗೆ ನಮ್ಮದೇ ಆದ ಒಂದು ರೂಪ ಇದೆ. ಅದು ತವರು.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಜೋಡಿಯನ್ನು ತೆಗೆದುಕೊಳ್ಳಿ. ವೈಟ್‌ಫೀಲ್ಡ್ ಆಚೆ ನೀಲಿ ತಾಡಪಾಲಿನ ಶೆಡ್‌ನಲ್ಲಿ ಅವರ ವಾಸ. ಬಸಿರಾದ ಮೊದಲ ತಿಂಗಳುಗಳಲ್ಲಿ ಅವಳು ಇಲ್ಲೇ ಇಟ್ಟಿಗೆ ಹೊರುತ್ತಾಳೆ. ಏಳು ತುಂಬುವ ಹೊತ್ತಿಗೆ ತವರಿಗೆ ಹೋಗುತ್ತಾಳೆ. ಹೆರಿಗೆ ಅಲ್ಲಿ, ಬಾಣಂತನ ಅಲ್ಲಿ. ಮೂರು ತಿಂಗಳೋ ಐದು ತಿಂಗಳೋ ಕಳೆದ ಮೇಲೆ ಕೂಸನ್ನು ಎತ್ತಿಕೊಂಡು ವಾಪಸ್ ಬರುತ್ತಾಳೆ. ಬಂದದ್ದು ಹಳೆಯ ಜಾಗಕ್ಕೇ ಅಂತಲೂ ಇಲ್ಲ, ಮೇಸ್ತ್ರಿ ಹೇಳಿದ ಹೊಸ ಸೈಟಿಗೆ.

ಇದರಲ್ಲಿ ಎಲ್ಲಿ ಯಾರು ಅವಳನ್ನು ನೋಡಿಕೊಳ್ಳಬೇಕು? ಊರಿನ ಆಶಾಗೆ ಅವಳು 'ಬೆಂಗಳೂರಿಗೆ ಹೋದವಳು'. ಬೆಂಗಳೂರಿನ ಆಶಾಗೆ ಅವಳು 'ಊರಿಗೆ ಹೋದವಳು'. ಹೆರಿಗೆಯಾದ 48 ಗಂಟೆಯೊಳಗೆ ಆಸ್ಪತ್ರೆಯಲ್ಲೇ ವಂಕಿ ಹಾಕುವ ವ್ಯವಸ್ಥೆ ಇದೆ. ಹಾಕಿಸಿಕೊಂಡವಳು ಬೆಂಗಳೂರಿಗೆ ಬಂದ ಮೇಲೆ ಹೊಟ್ಟೆ ನೋವು ಬಂದರೆ ಯಾರ ಹತ್ತಿರ ತೋರಿಸಬೇಕು ಅಂತ ಗೊತ್ತಿಲ್ಲ. ಹಾಕಿಸಿಕೊಳ್ಳದವಳು 'ಹಾಲೂಡಿಸುವಾಗ ಬಸಿರು ನಿಲ್ಲಲ್ಲ' ಅನ್ನುವ ನಂಬಿಕೆಯಲ್ಲಿ ಇರುತ್ತಾಳೆ. ಅದು ಅರ್ಧ ನಿಜ. ಕೂಸಿಗೆ ಆರು ತಿಂಗಳು ತುಂಬುವ ತನಕ, ಎದೆಹಾಲು ಬಿಟ್ಟು ಬೇರೇನೂ ಕೊಡದೆ ಇದ್ದರೆ, ಮುಟ್ಟು ಮತ್ತೆ ಶುರುವಾಗದೆ ಇದ್ದರೆ ಮಾತ್ರ ಅದನ್ನು ನೆಚ್ಚಿಕೊಳ್ಳಬಹುದು. ಮೂರರಲ್ಲಿ ಒಂದು ತಪ್ಪಿದರೂ ಬಸಿರು ನಿಲ್ಲಬಹುದು. ಅವಳು ಗಂಡನ ಹತ್ತಿರ ವಾಪಸ್ ಬರುವುದೂ ಸರಿಯಾಗಿ ಅದೇ ಸಮಯಕ್ಕೆ. ಬೆಂಗಳೂರಿನಲ್ಲಿ ಆಶಾ ಅವಳ ಬಾಗಿಲು ತಟ್ಟಬೇಕಾದ ವಾರ ಅದು.

ಬಸುರಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡಿನ ಮೇಲೆ ಆರ್‌ಸಿಎಚ್ ಅನ್ನುವ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಯಾವ ಜಿಲ್ಲೆಯಲ್ಲಿ ಕಾರ್ಡ್ ಮಾಡಿಸಿದ್ದರೂ ಆ ಸಂಖ್ಯೆಯಿಂದ ಅವಳ ದಾಖಲೆ ಹುಡುಕಬಹುದು. ಅಂದರೆ ತಂತ್ರಜ್ಞಾನ ಇದೆ. ಇಲ್ಲದೆ ಇರುವುದು 'ಇವಳು ನಮ್ಮವಳು' ಅಂತ ಒಪ್ಪಿಕೊಳ್ಳುವ ಮನಸ್ಸು. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಏನಾಯಿತು ಅಂತ ನೆನಪಿದೆಯಾ? ತಮಿಳುನಾಡಿನಿಂದ ಬಂದಿದ್ದ ತುಂಬು ಬಸುರಿಯನ್ನು ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದ ಆರೋಪ ಬಂತು. ಬಾಡಿಗೆ ಮನೆಯಲ್ಲಿ ಹೆತ್ತ ಆಕೆ, ಅವಳಿ ಮಕ್ಕಳು, ಮೂವರೂ ಸತ್ತರು. ಸಿಬ್ಬಂದಿ ಅಮಾನತಾದರು. ತುರ್ತು ಚಿಕಿತ್ಸೆಗೆ ಯಾವ ದಾಖಲೆಯೂ ಬೇಡ ಅಂತ ಸರ್ಕಾರ ಮತ್ತೆ ಹೇಳಬೇಕಾಯಿತು. ಇದು ಮೊದಲೇ ಗೊತ್ತಿರಬೇಕಾದ ವಿಷಯ ಅಲ್ವಾ?

ಒಳಗೆ ಹೋದ ಮೇಲೂ ತಡೆಗಳಿವೆ. 'ಗಂಡನನ್ನು ಕರ್ಕೊಂಡು ಬಾ, ಸಹಿ ಹಾಕಬೇಕು' ಅನ್ನುವ ಮಾತು ಎಷ್ಟೋ ಕಡೆ ಕೇಳುತ್ತದೆ. ಕಾನೂನಿನಲ್ಲಿ ಇದು ಇಲ್ಲ. 18 ದಾಟಿದ ಹೆಣ್ಣಿಗೆ ಗರ್ಭಪಾತ ಮಾಡಿಸಿಕೊಳ್ಳಲು ಅವಳ ಒಪ್ಪಿಗೆ ಒಂದೇ ಸಾಕು. ಆಪರೇಷನ್‌ಗೂ ಗಂಡನ ಸಹಿ ಬೇಕಿಲ್ಲ. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯ್ದೆಯಲ್ಲಿ 'ವಿವಾಹಿತೆ' ಮತ್ತು 'ಗಂಡ' ಅನ್ನುವ ಪದಗಳ ಜಾಗದಲ್ಲಿ 'ಮಹಿಳೆ' ಮತ್ತು 'ಸಂಗಾತಿ' ಬಂದಿವೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಮದುವೆಯಾಗದವರಿಗೂ ಇದೇ ಹಕ್ಕಿದೆ ಅಂತ ಸ್ಪಷ್ಟ ಮಾಡಿತು. ಪಿ.ಜಿ.ಯಲ್ಲಿ ಇರುವ ಹುಡುಗಿ, ಗಂಡ ಬಿಟ್ಟುಹೋದ ಪೌರಕಾರ್ಮಿಕ ಹೆಂಗಸು, ಇಬ್ಬರೂ ಈ ನಗರದವರೇ. ಅವರನ್ನು ನೋಡಿ ಹುಬ್ಬೇರಿಸದ ಒಬ್ಬ ಸಿಸ್ಟರ್ ಆ ಕೌಂಟರಿನಲ್ಲಿ ಇದ್ದರೆ ಅವರಿಗೆ ಅದೇ ದೊಡ್ಡ ಧೈರ್ಯ.

ಆಯ್ಕೆಯ ಬಗ್ಗೆಯೂ ಹೇಳಬೇಕು. 2017ರಿಂದ ಸರ್ಕಾರಿ ಕೇಂದ್ರಗಳಲ್ಲಿ ಎರಡು ಹೊಸ ವಿಧಾನ ಬಂದಿವೆ. ಒಂದು 'ಅಂತರ' ಇಂಜೆಕ್ಷನ್, ಮೂರು ತಿಂಗಳಿಗೊಮ್ಮೆ. ಇನ್ನೊಂದು 'ಛಾಯಾ' ಗುಳಿಗೆ. ಲಖನೌದ ಸಂಶೋಧನಾಲಯದಲ್ಲಿ ನಮ್ಮವರೇ ಕಂಡುಹಿಡಿದದ್ದು, ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ದಿನಾ ನೆನಪಿಟ್ಟು ನುಂಗಲಾಗದವರಿಗೆ ಇವು ಅನುಕೂಲ. ಇಂಜೆಕ್ಷನ್ ಆದರೆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗುಳಿಗೆ ಡಬ್ಬ ಬಚ್ಚಿಡಲೂ ಜಾಗವಿಲ್ಲದ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಆದರೆ ಇಂಜೆಕ್ಷನ್ ತಗೊಂಡ ಮೇಲೆ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಅದರಿಂದ ಅಪಾಯವಿಲ್ಲ. ನಮ್ಮ ಮನೆಗಳಲ್ಲಿ 'ತಿಂಗಳು ನಿಂತಿತು' ಅಂದರೆ ಒಂದೇ ಅರ್ಥ. ಮೊದಲೇ ಕೂರಿಸಿಕೊಂಡು ಹೇಳಿರದಿದ್ದರೆ ಆ ಹೆಂಗಸು ಹೆದರುತ್ತಾಳೆ. 'ಕೆಟ್ಟ ರಕ್ತ ಒಳಗೇ ಉಳಿಯುತ್ತೆ' ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಎರಡನೇ ಇಂಜೆಕ್ಷನ್ನಿಗೆ ಅವಳು ಬರುವುದಿಲ್ಲ. ಔಷಧಿ ಇದ್ದು, ಸಿಸ್ಟರ್ ಇದ್ದು, ಹತ್ತು ನಿಮಿಷದ ಮಾತು ಇಲ್ಲದ್ದಕ್ಕೆ ಎಲ್ಲ ವ್ಯರ್ಥ. ಆ ಹತ್ತು ನಿಮಿಷ ಕೊಡಬಲ್ಲವರು ಯಾರು? ಬೆಳಿಗ್ಗೆಯಿಂದ ನೂರು ಜನರನ್ನು ನೋಡಿದ ಡಾಕ್ಟರ್ ಅಲ್ಲ. ಅದೇ ಗಲ್ಲಿಯಲ್ಲಿ ಇರುವ, ತಾನೂ ಎರಡು ಹೆತ್ತಿರುವ ಆಶಾ.

ಮೈಸೂರಿನ ಇನ್ನೊಂದು ಪಾಠ

ಸ್ಥಳೀಯರ ಕೈಗೆ ಕೊಟ್ಟರೆ ಆಗುತ್ತಾ ಅಂತ ಅನುಮಾನ ಪಡುವವರಿಗೆ ನಾನು ಮೈಸೂರಿನ ಆಶೋದಯ ಸಮಿತಿ ತೋರಿಸುತ್ತೇನೆ. 2003ರಲ್ಲಿ ಗೇಟ್ಸ್ ಫೌಂಡೇಶನ್ ಭಾರತದ ಆರು ರಾಜ್ಯಗಳಲ್ಲಿ 'ಆವಾಹನ್' ಅನ್ನುವ ಎಚ್‌ಐವಿ ತಡೆ ಕಾರ್ಯಕ್ರಮ ಶುರು ಮಾಡಿತು. ಕರ್ನಾಟಕವೂ ಅದರಲ್ಲಿ ಒಂದು. ಮೈಸೂರಿನಲ್ಲಿ ಆ ಕೆಲಸ ಬೆಳೆಯುತ್ತಾ ಹೋಗಿ ಲೈಂಗಿಕ ವೃತ್ತಿಯಲ್ಲಿರುವವರೇ ನಡೆಸುವ ಸಂಘಟನೆಯಾಯಿತು. ಊರಿನಲ್ಲಿ ತಮ್ಮವರು ಎಲ್ಲೆಲ್ಲಿ ನಿಲ್ಲುತ್ತಾರೆ, ಯಾವ ಹೊತ್ತಿಗೆ ಸಿಗುತ್ತಾರೆ, ಯಾವ ಪೊಲೀಸ್ ತೊಂದರೆ ಕೊಡುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಹಾಗಾಗಿ ಕ್ಲಿನಿಕ್ ಎಲ್ಲಿರಬೇಕು, ಯಾವ ಹೊತ್ತಿಗೆ ತೆರೆಯಬೇಕು ಅನ್ನುವುದನ್ನೂ ಅವರು ಹೇಳಬಲ್ಲವರಾಗಿದ್ದರು. ಸಮಾಜ ದೂರ ಇಟ್ಟ ಹೆಂಗಸರು ತಮ್ಮ ಆರೋಗ್ಯ ತಾವೇ ನೋಡಿಕೊಂಡರು.

ಕೆಲವು ವರ್ಷಗಳ ನಂತರ ಆವಾಹನ್ ತನ್ನ ಕೆಲಸವನ್ನು ಹಂತಹಂತವಾಗಿ ಸರ್ಕಾರಕ್ಕೆ ಒಪ್ಪಿಸಿ ಹಿಂದೆ ಸರಿಯಿತು. ಆದರೂ ಆಶೋದಯ ಉಳಿಯಿತು. ಯೋಜನೆ ಮುಗಿದ ಮೇಲೂ ಉಳಿಯುವುದು ಇಂಥವು ಮಾತ್ರ. ಬಾಡಿಗೆಗೆ ತಂದ ಜೀಪು, ಬ್ಯಾನರು, ಗುತ್ತಿಗೆ ಕಾರ್ಯಕರ್ತರು ಉಳಿಯುವುದಿಲ್ಲ.

ಈಗ ಏನು ಮಾಡಬಹುದು

ಒಳ್ಳೆಯ ವಿಷಯ ಏನಂದರೆ ಚೌಕಟ್ಟು ಆಗಲೇ ಇದೆ. 2013ರಲ್ಲಿ ಬಂದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ 50 ಸಾವಿರ ಜನಕ್ಕೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಅನ್ನುತ್ತದೆ. 200ರಿಂದ 500 ಮನೆಗೆ ಒಬ್ಬ ಆಶಾ. ಹೊರರೋಗಿ ವಿಭಾಗ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಇದ್ದರೆ ದುಡಿಯುವವರಿಗೆ ಅನುಕೂಲ ಅಂತ ಅದರಲ್ಲೇ ಬರೆದಿದೆ. ಸುಮಾರು ಹತ್ತು ವರ್ಷ ಕಳೆದ ಮೇಲೆ ಕಟ್ಟಿದ ನಮ್ಮ ಕ್ಲಿನಿಕ್‌ಗೆ ಮತ್ತೆ ಆಫೀಸಿನ ಸಮಯವೇ ಯಾಕೆ ಬಂತು ಅನ್ನುವುದು ನನಗೆ ಅರ್ಥವಾಗಿಲ್ಲ. ಆಮೇಲೆ ಕೆಲವು ಕಡೆ ಸಂಜೆ ತೆರೆದಿಡುವ ಬದಲಾವಣೆ ಆಗಿದೆ. ಗಾರ್ಮೆಂಟ್ಸ್ ಇರುವ ವಾರ್ಡುಗಳಲ್ಲಿ ಎಲ್ಲ ಕಡೆಯೂ ಹಾಗಾಗಬೇಕು. ಭಾನುವಾರವೂ ಅರ್ಧ ದಿನ ತೆರೆಯಬೇಕು.

ಆಶಾಗಳ ಸಂಬಳದ ವಿಷಯವನ್ನು ಬಿಟ್ಟು ಇದನ್ನು ಮಾತಾಡುವುದು ಸರಿಯಲ್ಲ. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವ ಭರವಸೆ ಪಡೆದರು. ಬೆಂಗಳೂರಿನಲ್ಲಿ ಒಂದು ಕೋಣೆಯ ಮನೆ ಬಾಡಿಗೆ ಎಷ್ಟಿದೆ ಅಂತ ನಿಮಗೇ ಗೊತ್ತು. ನಗರದ ಆಶಾಗೆ ಹಳ್ಳಿಯ ಲೆಕ್ಕ ಹಿಡಿಯುವುದಿಲ್ಲ. ಇಲ್ಲಿ ಬಾಡಿಗೆ ಬೇರೆ, ಬಸ್ಸು ಬೇರೆ, ಆರು ತಿಂಗಳಿಗೊಮ್ಮೆ ಮನೆ ಬದಲಿಸುವ ಜನ ಬೇರೆ. ಅವರು ನೋಡುವ ಮನೆಗಳಲ್ಲಿ ಬಂಗಾಳಿ, ಒಡಿಯಾ, ಹಿಂದಿ ಮಾತಾಡುವವರೂ ಇದ್ದಾರೆ. ದಾನಿಗಳಿಗೆ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಜಾಗ ಹುಡುಕುವವರಿಗೆ ನನ್ನ ಸಲಹೆ ಇದು. ಇನ್ನೊಂದು ಆ್ಯಪ್ ಮಾಡಿಸಬೇಡಿ. ವಲಸಿಗರ ಶೆಡ್‌ಗಳ ಭಾಷೆ ಬಲ್ಲ ಹೆಂಗಸರನ್ನು ಆಶಾ ಜೊತೆಗೆ ಕಳಿಸಲು ಪಾಲಿಕೆಗೆ ನೆರವಾಗಿ. ಕಾರ್ಖಾನೆ ಮಾಲೀಕರು ತಿಂಗಳಿಗೆ ಎರಡು ಗಂಟೆ ಸಂಬಳ ಸಹಿತ ಬಿಡುವು ಕೊಡಲಿ, ಅದಕ್ಕೆ ಖರ್ಚೂ ಜಾಸ್ತಿ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಐದಕ್ಕೂ ತಮ್ಮದೇ ಬಜೆಟ್, ತಮ್ಮದೇ ಆರೋಗ್ಯ ವಿಭಾಗ. ಪೀಣ್ಯ ಕಡೆಯ ಅಗತ್ಯ ಬೇರೆ, ವೈಟ್‌ಫೀಲ್ಡ್ ಕಡೆಯ ಅಗತ್ಯ ಬೇರೆ. ಈಗ ಒಂದೊಂದೂ ತನ್ನ ನಕ್ಷೆ ತಾನು ಬಿಡಿಸಬಹುದು, ತನ್ನ ನಿಗದಿ ದಿನ ತಾನು ಆರಿಸಬಹುದು. ಬೋರ್ಡ್ ಹಾಕಲಿ, ಕನ್ನಡದಲ್ಲೂ, ಆ ಬಡಾವಣೆಯವರು ಓದುವ ಇನ್ನೊಂದು ಭಾಷೆಯಲ್ಲೂ: 'ಪ್ರತಿ ಗುರುವಾರ ಸಂಜೆ 5ರಿಂದ 8. ವಂಕಿ, ಇಂಜೆಕ್ಷನ್, ಗುಳಿಗೆ ಸಿಗುತ್ತದೆ. ಯಾವ ಕಾರ್ಡೂ ಬೇಡ. ಒಬ್ಬರೇ ಬರಬಹುದು.'

ಇನ್ನು ಮಹಿಳಾ ಆರೋಗ್ಯ ಸಮಿತಿ ಅಂತ ಒಂದಿದೆ. ಹೆಸರು ಕೇಳಿದವರು ಕಡಿಮೆ. ನಗರ ಆರೋಗ್ಯ ಅಭಿಯಾನದ ಪ್ರಕಾರ ಕೊಳೆಗೇರಿಗಳಲ್ಲಿ 50ರಿಂದ 100 ಮನೆಗೆ ಒಂದು ಸಮಿತಿ ಇರಬೇಕು. ಅಲ್ಲಿನ ಹೆಂಗಸರೇ ಸದಸ್ಯರು. ವರ್ಷಕ್ಕೆ 5,000 ರೂಪಾಯಿ ಅವರ ಖಾತೆಗೆ ಬರುತ್ತದೆ. ತಿಂಗಳಿಗೆ ಲೆಕ್ಕ ಹಾಕಿದರೆ ಸುಮಾರು 417 ರೂಪಾಯಿ. ಹಣ ಕಡಿಮೆಯೇ. ಆದರೂ ನಡುರಾತ್ರಿ ನೋವು ಬಂದವಳಿಗೆ ಆಟೋ ಬಾಡಿಗೆ ಆಗುತ್ತದೆ. ಕೂತು ಮಾತಾಡುವ ಸಭೆಗೆ ಚಹಾ ಆಗುತ್ತದೆ. ನಿಮ್ಮ ವಾರ್ಡಿನಲ್ಲಿ ಈ ಸಮಿತಿ ಇದೆಯಾ, ಸದಸ್ಯರು ಯಾರು, ಹಣ ಕೊನೆಯ ಸಲ ಯಾವಾಗ ಬಂತು? ಮುಂದಿನ ಸಲ ನಿಮ್ಮ ಬೀದಿಯಲ್ಲಿ ಆಶಾ ಸಿಕ್ಕಾಗ ಅವರನ್ನು ನಿಲ್ಲಿಸಿ ಕೇಳಿ.